ಅಮಾವಾಸ್ಯೆ ಮುಗಿಯಲಿ ಎಂದೆ

ಸುನಂದಾ, ಆ ನಿಯಮ ಬದಲಾಗುವುದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ. ನಿನ್ನ ಮಗಳು ನಿನ್ನ ಜೊತೆ ಬ್ರಿಟನ್‌ಗೆ ಹೋಗಲಾಗದೆ ನನ್ನ ಮನೆಯಲ್ಲಿ ಉಳಿದದ್ದು ಅದರಿಂದಲೇ.

ನಿನ್ನ ಗಂಡ ಸಿಲ್ಲೋಡ್ ರಸ್ತೆಯ ಅಪಘಾತದಲ್ಲಿ ಹೋದ ಮೇಲೆ ನೀನು ಸಂಭಾಜಿನಗರದ ಆಸ್ಪತ್ರೆಯಲ್ಲಿ ಎರಡೆರಡು ಪಾಳಿ ದುಡಿಯುತ್ತಿದ್ದೆ. ಗೌರಿ ನಾಸಿಕದಲ್ಲಿ, ಅಂಬಡ್‌ನ ನಮ್ಮ ಬಾಡಿಗೆ ಮನೆಯಲ್ಲಿ ಬೆಳೆಯುತ್ತಿದ್ದಳು. ಬ್ರಿಟನ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಾಗ ನೀನು ಒಪ್ಪಿದ್ದು ಮಗಳನ್ನೂ ಕರೆದೊಯ್ಯಬಹುದು ಎಂಬ ಒಂದೇ ಕಾರಣಕ್ಕೆ. ಆದರೆ ನಿಯಮಗಳಿಗೆ ನಿಂತ ನೆಲೆ ಇರಲಿಲ್ಲ — ಇಂಗ್ಲಿಷ್ ಪರೀಕ್ಷೆ, ಸಂಬಳದ ಮಿತಿ, ನಿನ್ನೆ ನಡೆದ ಕಾಗದ ಇವತ್ತು ನಡೆಯದು.

"ಅಕ್ಕಾ, ನಂಗ ಇದೆಲ್ಲಾ ತಿಳ್ಯಾಂಗಿಲ್ಲ. ಏಜೆಂಟ್ ನಿಮ್ಮ ಊರಾಗೇ ಇದಾರ. ನೀ ನೋಡ್ಕೋತಿರು, ನೀ ಹೇಳ್ದಾಂಗ ಮಾಡ್ತೀನಿ," ಎಂದಿದ್ದೆ ನೀನು. ನಾನು ನೋಡಿಕೊಂಡೆ. ಎಲ್ಲವನ್ನೂ ಸರಿಯಾಗಿಯೇ — ಆ ಒಂದನ್ನು ಬಿಟ್ಟು.

ಏಜೆಂಟ್ ನನ್ನನ್ನು ಕರೆಸಿ, ಶಿವರಾತ್ರಿಯೊಳಗೆ ಅರ್ಜಿ ಹಾಕಿಬಿಡಿ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಆಮೇಲೆ ಹಾಕಿದರೆ ತಾಯಿಗೆ ವೀಸಾ ಸಿಗುತ್ತದೆ, ಮಗುವಿಗೆ ಸಿಗುವುದಿಲ್ಲ. ಮನೆಗೆ ಬಂದಾಗ ಗೌರಿ ಹೊಸ್ತಿಲ ಮೇಲೆ ಕೂತು ನನ್ನ ದಾರಿ ಕಾಯುತ್ತಿದ್ದಳು. ನನ್ನ ಮಡಿಲು ತುಂಬಲಿಲ್ಲ, ನಿನಗೆ ಗೊತ್ತು. ಅವಳು ಬಂದು ಕಾಲು ತಬ್ಬಿಕೊಂಡಳು ಮತ್ತು ನಾನು —

ಸಂಜೆ ನೀನು ಫೋನ್ ಮಾಡಿದೆ. ನಾನು ಹೇಳಿದ್ದು ಇಷ್ಟೇ: "ಎಲ್ಲಾ ತಯಾರೈತಿ. ಅಮಾಸಿ ಮುಂದಿಟ್ಕೊಂಡು ಬ್ಯಾಡ ತಂಗಿ. ಶಿವರಾತ್ರಿ ಅಮಾಸಿ ಮುಗೀಲಿ, ಪಾಡ್ಯಾಕ್ಕ ಹಾಕೂಣು."

ಅಮಾವಾಸ್ಯೆ ಎದುರಿಗಿದ್ದರೆ ಒಂದು ಕೊಡವನ್ನೂ ಕೊಳ್ಳದ ಮನೆ ನಮ್ಮದು. ನೀನು ಹೂಂ ಅಂದೆ. ಅಂಥ ಮಾತೇ ಬೇಕೆಂದು ನಾನು ಹುಡುಕಿ ಹೇಳಿದ್ದೆ.

ಪಾಡ್ಯದ ದಿನ ನೀನು ನಾಸಿಕಕ್ಕೆ ಬಂದೆ. ನಿಯಮ ಜಾರಿಯಾದದ್ದೂ ಅವತ್ತೇ. ಏಜೆಂಟ್ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ, ಅವರು ನಿನ್ನ ಕಾಗದಗಳತ್ತ ತಿರುಗಿದರು. "ಒಂದ್ ದಿನದಾಗ ಹೋತಲ್ಲಕ್ಕ. ಅಮಾಸಿ ಅಂತ ನಿಂತಿದ್ದೇ ತಪ್ಪಾತೇನು?" ಎಂದು ನೀನು ಅತ್ತೆ. ಹಣೆಬರಹ ಅಂದೆ ನಾನು. ಆಸ್ಪತ್ರೆಯ ಕೆಲಸ ಆಗಲೇ ಬಿಟ್ಟಿದ್ದೆ ನೀನು, ಹಿಂದಕ್ಕೆ ದಾರಿ ಇರಲಿಲ್ಲ. ನಿಯಮ ಮತ್ತೆ ಬದಲಾಗುತ್ತದೆ, ಆಗ ಕರೆಸಿಕೊಳ್ಳುವಿಯಂತೆ ಎಂದು ನಿನ್ನನ್ನು ಹೊರಡಿಸಿದವಳೂ ನಾನೇ.

ಮುಂಬಯಿ ವಿಮಾನ ನಿಲ್ದಾಣಕ್ಕೆ ಹೋಗುವಾಗ ಘೋಟಿಯಲ್ಲಿ ಚಹಾಕ್ಕೆ ನಿಂತೆವು. ಗೌರಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಿನ್ನ ತೊಡೆಗೆ ಹಾಕಲೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನೀನು ಅವಳ ಪಾದ ಹಿಡಿದುಕೊಂಡು ಕೂತಿದ್ದೆ, ಚಹಾ ಆರಿಹೋಯಿತು.

ಹೋದ ವಾರ ನೀನು ಫೋನಿನಲ್ಲಿದ್ದಾಗ ಅವಳು ಶಾಲೆಯಿಂದ ಓಡಿಬಂದು "ಆಯೀ, ಭೂಕ್ ಲಾಗಲೀ," ಎಂದು ತಿನ್ನಲು ಕೇಳಿದಳು. ನೀನು, "ಏನಕ್ಕ, ಆಯಿ ಅಂತಾಳ ನಿಂಗ?" ಎಂದೆ. ಬೀದರಿನ ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. "ಹೂಂ, ಕೂದ್ಲ ಬೆಳ್ಳಗ ಆಗ್ಯಾವಲ್ಲ," ಎಂದೆ ನಾನು. ನೀನು ನಕ್ಕೆ. ಆಮೇಲೆ ಎಂದಿನಂತೆ ಕೇಳಿದೆ, "ನಿಯಮ ಏನರ ಬದಲಾಗ್ಯಾವೇನಕ್ಕ? ನೀ ನೋಡ್ತಿರ್ತಿ ಅಲ್ಲ."

ನೋಡುತ್ತಲೇ ಇರುತ್ತೇನೆ. ಬದಲಾಗುತ್ತವೆ, ಪ್ರತಿ ಸಲ ಇನ್ನಷ್ಟು ಬಿಗಿಯಾಗುತ್ತವೆ. ಮೊದಮೊದಲು ಅದನ್ನು ಓದಿ ನನಗೆ ಸಮಾಧಾನವಾಗುತ್ತಿತ್ತು — ಇದನ್ನೂ ಹೇಳಿಬಿಡಬೇಕು. ಈಗ ಅರ್ಧಕ್ಕೇ ಓದುವುದನ್ನು ನಿಲ್ಲಿಸಿಬಿಡುತ್ತೇನೆ.

ನನಗೆ ಮಗು ಬೇಕಿತ್ತು. ಹಾಗೆಂದು ನಿನ್ನ ಮಗುವನ್ನು ಇಟ್ಟುಕೊಳ್ಳುವ ಹಕ್ಕು ನನಗಿರಲಿಲ್ಲ. ಈ ಭಾನುವಾರ ನೀನು ಫೋನ್ ಮಾಡಿದಾಗ ಎಲ್ಲವನ್ನೂ ಹೇಳುತ್ತೇನೆ. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸಿ ಯೋಚಿಸಿ — ಆಯಿ ಎಂಬ ಆ ಒಂದು ಪದದಿಂದಲೇ ಎಂದುಕೊಂಡಿದ್ದೇನೆ. ನಿನಗೂ ಮರಾಠಿ ಬರುತ್ತದೆ ಸುನಂದಾ, ಆದರೂ ನನ್ನ ಮಾತನ್ನೇ ನಂಬಿದೆ. ಗೌರಿ ನನ್ನನ್ನು ಕರೆದದ್ದು ಮರಾಠಿಯಲ್ಲಿ. ಇಲ್ಲಿಯ ಮಕ್ಕಳೆಲ್ಲ ತಾಯಿಯನ್ನು ಹಾಗೆಯೇ ಕರೆಯುತ್ತಾರೆ. ನಾನು ಅವಳನ್ನು ಒಮ್ಮೆಯೂ ತಿದ್ದಿಲ್ಲ.