ಉಲಾನ್‌ಬಾತರಿನಲ್ಲಿ ಒಂದು ಚೆಂಬು ನೀರು

ವಿಜಯಪುರದ ಮುನಿಗಂಗಮ್ಮನ ಹೊಸ್ತಿಲು ನಲವತ್ತೊಂದು ವರ್ಷಗಳಲ್ಲಿ ಒಂದು ದಿನವೂ ರಂಗೋಲಿಯಿಲ್ಲದೆ ಸೂರ್ಯನನ್ನು ಕಂಡಿಲ್ಲ. ಮದುವೆಯಾಗಿ ಬಂದ ಮಾರನೆಯ ಬೆಳಗ್ಗೆಯಿಂದ ಶುರುವಾದದ್ದು ಅದು. ರೇಷ್ಮೆಗೂಡಿನಿಂದ ನೂಲು ತೆಗೆಯುವುದು ಅವಳ ಕಸುಬು. ಕುದಿನೀರಿಗೆ ಅದ್ದಿ ಅದ್ದಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಆದರೆ ಅದೇ ಬೆರಳುಗಳ ನಡುವಿನಿಂದ ರಂಗೋಲಿ ಪುಡಿ ರೇಷ್ಮೆಯ ಎಳೆಯಂತೆಯೇ ಇಳಿಯುತ್ತಿತ್ತು. ಈ ನಲವತ್ತೊಂದು ವರ್ಷದ ಮಾತನ್ನು ನಂಬದವಳು ಬೀದಿಗೆಲ್ಲ ಒಬ್ಬಳೇ, ಎದುರು ಮನೆಯ ಓರಗಿತ್ತಿ ಲಕ್ಕಮ್ಮ.

ಮಗಳು ಹರ್ಷಿತ ಮಂಗೋಲಿಯದ ರಾಜಧಾನಿ ಉಲಾನ್‌ಬಾತರಿನಲ್ಲಿ ಯೋಗ ಹೇಳಿಕೊಡುತ್ತಾಳೆ. ಹತ್ತು ದಿನ ಬಂದು ಹೋಗೆಂದು ಅವಳು ಟಿಕೆಟ್ ಕಳಿಸಿದಾಗ ಬೀದಿಯವರೆಲ್ಲ ಚಳಿಯ ಬಗ್ಗೆ ಚಿಂತಿಸಿದರು. ಲಕ್ಕಮ್ಮ ರಂಗೋಲಿಯ ಬಗ್ಗೆ ಚಿಂತಿಸಿದಳು.

“ಅಕ್ಕಾ, ಅಲ್ಲಿ ನೆಲವೇ ಕಾಣಲ್ವಂತೆ, ಬರೀ ಮಂಜಂತೆ. ಬಿಳೀ ಮೇಲೆ ಬಿಳೀ ರಂಗೋಲಿ ಯಾರಿಗೆ ಕಾಣ್ತದೆ?”

“ದೇವ್ರಿಗೆ ಕಾಣ್ತದೆ ಬಿಡೇ.”

“ದೇವ್ರು ಫೋಟೊ ಕಳಿಸಲ್ವಲ್ಲ. ನೀನು ದಿನಾ ಕಳ್ಸು. ಒಂದಿನ ತಪ್ಪುದ್ರೂ ನಿನ್ನ ನಲವತ್ತೊಂದು ವರ್ಷ ಅಲ್ಲಿಗೆ ಮುಗೀತು.”

ಮುನಿಗಂಗಮ್ಮ ಸೀರೆಗಳ ನಡುವೆ ಒಂದು ಕೇಜಿ ರಂಗೋಲಿ ಪುಡಿ, ಅದರ ಪಕ್ಕಕ್ಕೆ ಹಿತ್ತಾಳೆ ಚೆಂಬು ಇಟ್ಟುಕೊಂಡು ವಿಮಾನ ಹತ್ತಿದಳು. ಇಷ್ಟು ವರ್ಷ ತನ್ನ ಹೆಂಚಿನ ಮೇಲೆ ಹಾರಿಹೋಗುತ್ತಿದ್ದ ವಿಮಾನಗಳ ಹೊಟ್ಟೆಯೊಳಗೆ ಇಷ್ಟು ಇಕ್ಕಟ್ಟೆಂದು ಅವಳಿಗೆ ಗೊತ್ತಿರಲಿಲ್ಲ.

ಉಲಾನ್‌ಬಾತರಿನ ನಡುವೆ ಗಾಜಿನ ಕಟ್ಟಡಗಳು. ಸುತ್ತಲ ಗುಡ್ಡಗಳ ಮೇಲೆ ಉಣ್ಣೆಯ ದುಂಡು ಗುಡಾರಗಳು, ಒಂದೊಂದರ ನೆತ್ತಿಯಲ್ಲೂ ಹೊಗೆ ಕೊಳವೆ. ಕುದುರೆ, ಕುರಿಗಳ ಹಿಂದೆ ಅಲೆಯುತ್ತಿದ್ದ ಜನ ಮನೆಯನ್ನೇ ಮಡಚಿ ತಂದು ರಾಜಧಾನಿಯ ಅಂಚಿನಲ್ಲಿ ಬಿಚ್ಚಿಕೊಂಡಿದ್ದರು. ಅಂಥದೊಂದು ಗುಡಾರದಲ್ಲಿ ದುಲ್ಮಾ ಎಂಬ ಅಜ್ಜಿ, ಅವಳ ಗಂಡ ಬೋಲ್ಡ್ ಇದ್ದರು. ಅದೇ ಅಂಗಳದ ಮರದ ಕೋಣೆಯಲ್ಲಿ ಹರ್ಷಿತ ಬಾಡಿಗೆಗಿದ್ದಳು.

“ಅಮ್ಮಾ, ಗುಡಾರದೊಳಕ್ಕೆ ಹೋಗುವಾಗ ಹೊಸಲು ತುಳೀಬೇಡ. ಇಲ್ಲಿ ಅದು ದೊಡ್ಡ ತಪ್ಪು.”

“ಎಲ್ಲಿ ತಪ್ಪಲ್ಲ ಹೇಳು,” ಎಂದಳು ಮುನಿಗಂಗಮ್ಮ. ಆ ಕ್ಷಣದಿಂದ ಅವಳಿಗೆ ಮಂಗೋಲಿಯ ಹಿಡಿಸಿತು. ಅಂಗಳಕ್ಕೆಲ್ಲ ಹಿರಿಯ ಹೊಸ್ತಿಲು ಗುಡಾರದ್ದೇ, ರಂಗೋಲಿ ಅಲ್ಲಿಗೇ ಸಲ್ಲಬೇಕು ಎಂದೂ ತೀರ್ಮಾನಿಸಿಬಿಟ್ಟಳು.

ಮೊದಲ ಬೆಳಗ್ಗೆ ಚೆಂಬಿನ ತುಂಬ ಬಿಸಿನೀರು ಹಿಡಿದು ಹೊರಗೆ ಬಂದರೆ, ದುಲ್ಮಾ ಆಗಲೇ ಎದ್ದು ಮರದ ಸೌಟೊಂದರಿಂದ ಅಂದಿನ ಮೊದಲ ಹಾಲನ್ನು ದೇವರಿಗೆಂದು ಆಕಾಶಕ್ಕೆ ಚಿಮ್ಮುತ್ತಿದ್ದಳು. ಮುನಿಗಂಗಮ್ಮ ನೆಲಕ್ಕೆ ನೀರು ಚಿಮುಕಿಸಿದಳು. ಇಬ್ಬರೂ ಒಂದೇ ಪಾಳಿಯ ಕೆಲಸಗಾರರಂತೆ ಒಬ್ಬರಿಗೊಬ್ಬರು ತಲೆಯಾಡಿಸಿದರು.

ಚಳಿ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿತ್ತು. ತಾವರೆ ರಂಗೋಲಿಯ ಕೊನೆಯ ಎಳೆ ಎಳೆಯುವುದರೊಳಗೆ ನೀರು ಕಲ್ಲಾಗಿ, ತಾವರೆ ಗಾಜಿನೊಳಗೆ ಕೂತಂತೆ ಕೂತುಬಿಟ್ಟಿತು. ಅದರ ಫೋಟೊ ಲಕ್ಕಮ್ಮನಿಗೆ ಹೋಯಿತು. ಮಾರನೆಯ ದಿನ ಆ ತಾವರೆಯ ಮೇಲೆ ಇನ್ನೊಂದು ಚೆಂಬು ನೀರು, ಇನ್ನೊಂದು ತಾವರೆ. ಮೂರನೆಯ ದಿನ ಮತ್ತೊಂದು.

ನಾಲ್ಕನೆಯ ಬೆಳಗ್ಗೆ ತಾವರೆ ಮುಗಿಯುವ ಹೊತ್ತಿಗೆ ಬೋಲ್ಡ್ ಅಜ್ಜ ಹೊರಗೆ ಬಂದ. ಪ್ರಾಯದಲ್ಲಿ ಸುತ್ತಲ ಸೀಮೆಗೆಲ್ಲ ಹೆಸರಾಗಿದ್ದ ಪೈಲ್ವಾನ. ಹೊಸ್ತಿಲನ್ನು ಭಕ್ತಿಯಿಂದ ದಾಟಿ ಬಲಗಾಲನ್ನು ತಾವರೆಯ ಮೇಲಿಟ್ಟ. ಹತ್ತಾರು ಅಖಾಡಗಳಲ್ಲಿ ಯಾರೂ ಕೆಡವಲಾಗದವನನ್ನು ವಿಜಯಪುರದ ಚೆಂಬು ಕೆಡವಿತು.

ಅಜ್ಜ ಎದ್ದ. ಕೋಟು ಕೊಡವಿದ. ಗಂಭೀರವಾಗಿ ಬಂದು ಮುನಿಗಂಗಮ್ಮನ ಬಲಗೈಯನ್ನು ಎತ್ತಿಹಿಡಿದು, ಬಗ್ಗಿ ಅದರ ಕೆಳಗಿನಿಂದ ಆಚೆಗೆ ನಡೆದ.

“ಇದೇನೇ ಹರ್ಷಿತಾ, ಯಜಮಾನ್ರು ನನ್ನ ಕಂಕುಳ ಕೆಳಗೆ ನುಗ್ತಾವ್ರೆ?”

“ಇಲ್ಲಿ ಕುಸ್ತೀಲಿ ಸೋತವ್ರು ಗೆದ್ದವ್ರ ತೋಳಿನ ಕೆಳಗೆ ಹೋಗ್ಬೇಕು ಕಣಮ್ಮ. ನೀನು ಗೆದ್ಬಿಟ್ಟೆ.”

ದುಲ್ಮಾ ನಕ್ಕು ನಕ್ಕು ಗುಡಾರದ ಹಗ್ಗ ಹಿಡಿದುಕೊಂಡಳು. ಅಜ್ಜ ಮಾತ್ರ ಒಲೆಯ ಕಲ್ಲಿದ್ದಲಿನ ಕಪ್ಪು ಬೂದಿಯನ್ನು ಬುಟ್ಟಿಯಲ್ಲಿ ತಂದು ನಾಲ್ಕೂ ತಾವರೆಗಳ ಮೇಲೆ ದಪ್ಪಗೆ ಸುರಿದ. ಏನೋ ಹೇಳಿದ.

“ನಾಳೆಯಿಂದ ನೀರು ಬೇಡ್ವಂತಮ್ಮ. ಇನ್ನೊಂದ್ಸಲ ಸೋತ್ರೆ ಸೊಂಟ ಉಳಿಯಲ್ವಂತೆ.”

ನೀರು ಚಿಮುಕಿಸದ ನೆಲಕ್ಕೆ ರಂಗೋಲಿ ಇಡುವುದು ಹೇಗೆಂಬ ಚಿಂತೆಯಲ್ಲಿ ಮುನಿಗಂಗಮ್ಮನಿಗೆ ಅಂದು ಊಟ ಸೇರಲಿಲ್ಲ.

ಐದನೆಯ ಬೆಳಗ್ಗೆ ನೀರಿಲ್ಲದೆ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅದುವರೆಗೆ ಬಿಸಿನೀರಿನ ಚೆಂಬು ಬೆರಳುಗಳನ್ನೂ ಕಾಯುತ್ತಿತ್ತು ಎಂಬುದು ಆಗ ತಿಳಿಯಿತು. ಕುದಿನೀರಿಗೆ ಹೆದರದ ಬೆರಳುಗಳು ಈಗ ಕಡ್ಡಿಯಾಗಿದ್ದವು. ಚಿಟಿಕೆಯಲ್ಲಿ ಪುಡಿ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ಚುಕ್ಕಿ ಇಡಹೋದರೆ ಗುಡ್ಡೆ ಬಿತ್ತು. ಇನ್ನೊಂದು ಬೀಳಲೇ ಇಲ್ಲ. ಎದುರು ಗುಡ್ಡದ ನೆತ್ತಿ ಆಗಲೇ ಕೆಂಪಾಗುತ್ತಿತ್ತು.

ಹಾಲು ಚಿಮ್ಮಿ ಮುಗಿಸಿದ ದುಲ್ಮಾ ನೋಡುತ್ತ ನಿಂತಿದ್ದಳು. ಒಳಗೆ ಹೋಗಿ, ಹಳೆಯದಾಗಿ ಬದಿಗಿಟ್ಟಿದ್ದ ಇನ್ನೊಂದು ಹಾಲಿನ ಸೌಟು ತಂದು ಮುಂದೆ ಹಿಡಿದಳು. ಚಪ್ಪಟೆ ಮರದಲ್ಲಿ ಕೊರೆದ ಪುಟ್ಟ ಪುಟ್ಟ ಗುಳಿಗಳು. ಮುನಿಗಂಗಮ್ಮ ಎಣಿಸಿದಳು. ಮೂರು ಚುಕ್ಕಿ, ಮೂರು ಸಾಲು.

“ಅಯ್ಯೋ ತಾಯೀ, ಇದನ್ನ ಇಟ್ಕೊಂಡು ಇಷ್ಟು ದಿನ ಸುಮ್ನಿದ್ಯಲ್ಲ,” ಎಂದು ಕನ್ನಡದಲ್ಲೇ ಗದರಿದಳು.

ಗುಳಿಗಳಿಗೆ ಪುಡಿ ತುಂಬಿದಳು. ದುಲ್ಮಾ ಅಂಗೈಯಿಂದ ಸವರಿ ಸಮ ಮಾಡಿ, ಸೌಟನ್ನು ಬೂದಿಯ ಮೇಲೆ ಬೋರಲು ಹಾಕಿ ತಟ್ಟಿದಳು. ಒಂಬತ್ತು ಚುಕ್ಕಿಗಳು ಅಚ್ಚುಕಟ್ಟಾಗಿ ಕೂತವು. ಆಮೇಲೆ ಆ ಹೆಂಗಸು ಮುನಿಗಂಗಮ್ಮನ ಎರಡೂ ಕೈಗಳನ್ನು ತನ್ನ ಕೋಟಿನ ಉದ್ದ ತೋಳುಗಳೊಳಕ್ಕೆ ಎಳೆದುಕೊಂಡು, ಬೆರಳುಗಳಿಗೆ ಜೀವ ಬರುವವರೆಗೆ ಹಿಡಿದಿದ್ದಳು. ಬಿಸಿಲು ಹೊಸ್ತಿಲಿಗೆ ತಲುಪುವುದಕ್ಕೂ ಚುಕ್ಕಿಗಳ ಸುತ್ತ ಎಳೆ ಕೂಡುವುದಕ್ಕೂ ಸರಿಹೋಯಿತು.

ಫೋಟೊ ಹೋದ ತಕ್ಷಣ ಲಕ್ಕಮ್ಮನ ಫೋನು ಬಂತು.

“ಅಕ್ಕಾ, ನೆಲ ಕಪ್ಪಗೆ ಸಾರ್ಸಿದ್ದೀಯ, ಎಷ್ಟು ಚೆನ್ನಾಗಿ ಕಾಣ್ತದೆ. ಆ ಊರಲ್ಲಿ ನಿಂಗೆ ಸಗಣಿ ಯಾರು ಕೊಟ್ರು?”

“ಕುಸ್ತಿ ಗೆದ್ದಿದ್ದಕ್ಕೆ ಕೊಟ್ರು ಕಣೇ,” ಎಂದಳು ಮುನಿಗಂಗಮ್ಮ.

ಅಷ್ಟರಲ್ಲಿ ಬೋಲ್ಡ್ ಅಜ್ಜ ಬಾಗಿಲಿಗೆ ಬಂದ. ಕೆಳಗೆ ನೋಡಿದ. ಕೋಟನ್ನು ಮೊಣಕಾಲಿಗೆ ಎತ್ತಿಕೊಂಡು ಹೊಸ್ತಿಲನ್ನೂ ರಂಗೋಲಿಯನ್ನೂ ಒಂದೇ ದಾಪಿಗೆ ದಾಟಿದ.