ಕಂಪನಿಗೆ ಕಳಿಸಿದ ಬೆಲ್ಲ

ಗಡಹಿಂಗ್ಲಜದ ಹೊರಗೆ ವಿಲಾಯತಿ ತಂಬಾಕಿನ ಕಂಪನಿಯೊಂದರ ಗೋದಾಮಿತ್ತು. ಅದರ ಹಿಂದೆ ಖಾಲಿ ಬಿದ್ದಿದ್ದ ಎರಡು ಎಕರೆಯನ್ನು ನಮ್ಮ ಮಾವನವರು ಕಲ್ಲು ಆರಿಸಿ ಹಸನು ಮಾಡಿ ಕಬ್ಬು ಹಚ್ಚಿದ್ದರು, ಅಲ್ಲೇ ಮನೆ ಕಟ್ಟಿದ್ದರು. ಅವರು ತೀರಿಕೊಂಡ ಮೇಲೆ, ಅರವತ್ತರ ದಶಕದ ಮೊದಲಿಗೆ, ಜಾಗ ತನ್ನದು, ಬಿಡಿ ಎಂದು ಕಂಪನಿ ಕೊಲ್ಹಾಪುರದ ಕೋರ್ಟಿಗೆ ಹೋಯಿತು.

"ಇಂಗ್ಲಿಷರು ಹೋದ ಮ್ಯಾಲೂ ಅವರ ಕಂಪನಿಗೆ ನಮ್ಮ ಮಣ್ಣಿನ್ಯಾಗ ಏನ್ ಹಕ್ಕರಿ?" ಎಂದು ನಮ್ಮ ವಕೀಲರನ್ನು ಕೇಳಿದೆ. ಅವರು ನಮ್ಮ ಕಡೆಯ ಜೈನರು, ವಯಸ್ಸಾದವರು.

"ಕಾಯ್ದೆದಾಗ ಕಂಪನಿನೂ ಒಬ್ಬ ಮನಷ್ಯಾ ಇದ್ದಂಗ ತಂಗಿ. ಎಲ್ಲಿ ಹುಟ್ಟಿದ್ರೂ ಇಲ್ಲಿ ಜಾಗಾ ಇಟ್ಕೋಬಹುದು ಅಂತ ಹೈಕೋರ್ಟ್ ಹೇಳೇತಿ. ಅದನ್ನ ಕೆಳಗಿನ ಕೋರ್ಟ್ ಮೀರಾಂಗಿಲ್ಲ."

ಹಸಿವಿಲ್ಲ, ಸೂತಕವಿಲ್ಲ, ಬಾಣಂತನವಿಲ್ಲ. ಅಂಥ ಮನುಷ್ಯನಿಗೆ ಮನೆ ಏತಕ್ಕೆ?

ವಕೀಲರು ಒಂದು ದಾರಿ ಹೇಳಿದರು. ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಾಲ ಯಾರನ್ನೂ ಒಡೆಯನೆಂದು ಒಪ್ಪದೆ, ನಮ್ಮದೇ ಎಂದು ಉಳಿದಿದ್ದರೆ ಜಾಗ ನಮಗೇ ದಕ್ಕುತ್ತದೆ; ನಾವು ಅಲ್ಲಿದ್ದು ಅದಕ್ಕೂ ಹೆಚ್ಚು ಕಾಲವಾಗಿತ್ತು. ಸದಾ ಮನೆಯಲ್ಲಿದ್ದವಳು ನಾನಾದ್ದರಿಂದ ಸಾಕ್ಷಿಗೂ ನಾನೇ ನಿಂತೆ.

ಕಂಪನಿಯ ವಕೀಲರು ಮರಾಠಿಯಲ್ಲಿ ಭಾಳ ಮರ್ಯಾದೆಯಿಂದ ಕೇಳಿದರು: ಗಾಣ ಆಡಿದಾಗ ಹೊಸ ಬೆಲ್ಲ ಯಾರಿಗೆ ಕೊಡುತ್ತೀರಿ?

ಹೊಸ ಬೆಲ್ಲವನ್ನು ದೇವರ ಮುಂದಿಟ್ಟು, ಸುತ್ತಲಿನವರಿಗೆ ಹಂಚಿ, ಆಮೇಲೆ ನಾವು ಬಾಯಿಗೆ ಹಾಕುವುದು ನಮ್ಮ ಮನೆಯ ನೇಮ. ನಮಗಿದ್ದ ನೆರೆ ಒಂದೇ, ಗೋದಾಮಿನ ಸಾಹೇಬರಿದ್ದ ಕಂಪನಿಯ ಬಂಗಲೆ.

"ಮೊದಲ ದೇವರಿಗೆ, ಆಮ್ಯಾಲ ಸಾಹೇಬರ ಬಂಗಲೆಗೆ. ಒಂದ ವರ್ಷನೂ ತಪ್ಪಿಸಿಲ್ರೀ," ಎಂದೆ, ಅಭಿಮಾನದಿಂದಲೇ. ನಮ್ಮ ವಕೀಲರು ತಲೆ ಬಗ್ಗಿಸಿಬಿಟ್ಟರು.

ನ್ಯಾಯಾಧೀಶರು ದಪ್ಪ ಪುಸ್ತಕವೊಂದನ್ನು ತೆರೆದರು. ಯಾವುದೋ ಊರಿನ ಯಾವನೋ ರೈತ ವರ್ಷವರ್ಷ ಬೆಳೆಯಲ್ಲಿ ಪಾಲು ಕೊಟ್ಟಿದ್ದನಂತೆ. ಕೊಟ್ಟದ್ದರಿಂದ ಒಡೆಯನನ್ನು ಒಪ್ಪಿದಂತಾಯಿತು ಎಂದು ಹೈಕೋರ್ಟು ತೀರ್ಪು ಕೊಟ್ಟಿತ್ತಂತೆ. ನಮಗೂ ಅದೇ.

"ಅಂವಾ ಕೊಟ್ಟದ್ದು ಪಾಲರೀ. ನಾ ಕೊಟ್ಟದ್ದು ಪ್ರಸಾದ," ಎಂದೆ.

ಆ ಭೇದ ನನಗೆ ತಿಳಿಯುತ್ತದೆ ಬಾಈ, ಆದರೆ ಮೇಲಿನ ತೀರ್ಪನ್ನು ದಾಟುವ ಅಧಿಕಾರ ನನಗಿಲ್ಲ ಎಂದರು ಅವರು. ತಿಳಿದೂ ಹಾಗೇ ಬರೆದರಲ್ಲ, ಆ ಸಿಟ್ಟು ಇಂದಿಗೂ ಇಳಿದಿಲ್ಲ. ನಮ್ಮ ಮನೆಯ ಹೊಸ್ತಿಲನ್ನೂ ನೋಡದ ತೀರ್ಪು ನಮ್ಮನ್ನು ಹೊರಗೆ ಹಾಕಿತು. ದೇವರ ದಯೆ, ಕಬ್ಬು ಕಡಿಯುವ ತನಕ ಅವಧಿ ಸಿಕ್ಕಿತು. ಇಚಲಕರಂಜಿಯಲ್ಲಿ ನನ್ನ ಗಂಡನಿಗೆ ಮಗ್ಗದ ಕೆಲಸವೂ, ದೇವರನ್ನಿಡಲು ಪೂರ್ವದ ಗೋಡೆಯಲ್ಲಿ ಒಂದು ಗೂಡಿದ್ದ ಬಾಡಿಗೆ ಖೋಲಿಯೂ ಸಿಕ್ಕವು.

"ಹೈಕೋರ್ಟಿಗೆ ಹೋಗೂಣೇನು?" ಎಂದರು ವಕೀಲರು.

"ಅಲ್ಲೂ ಸೋತ್ರ?" ನಮ್ಮವರು ಕೇಳಿದರು.

"ನಿಮ್ಮ ಕೇಸೂ ಪುಸ್ತಕದಾಗ ಅಚ್ಚಾಗಬಹುದು. ನಾಳೆ ಬೆಲ್ಲಾ ಕೊಟ್ಟಾವ್ರಿಗೆಲ್ಲಾ ಅದನ್ನ ತೋರಸ್ತಾರು."

ನಮ್ಮವರು ನನ್ನ ಮುಖ ನೋಡಿದರು. "ಬ್ಯಾಡ್ರಿ," ಎಂದೆ. "ನನ್ನ ಮಾತಿಗೆ ನನ್ನ ಮನಿ ಹೋತು, ಸಾಕು. ಮತ್ತೊಬ್ಬಾಕಿದು ಹೋಗೂದು ಬ್ಯಾಡ."

ಕಬ್ಬು ಮುಗಿದ ದಿನ ನಮ್ಮವರು ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗಾಡಿಗೆ ಹೇರಿದರು. ಕಟ್ಟಿಗೆ ನಮ್ಮದೆಂದು ಕೋರ್ಟೂ ಒಪ್ಪಿತ್ತು.