ನೂಲಿನ ಮೇಲಿನ ಕೆಂಪು

ನಮ್ಮತ್ತೆ ಗಾಳೆವ್ವ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಲವತ್ತು ವರ್ಷ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು. ನೂಲು ಹರಿದರೆ ತುದಿಯನ್ನು ತುಟಿಯಲ್ಲಿ ಹಿಡಿದು, ಒದ್ದೆ ಮಾಡಿ, ಗಂಟು ಹಾಕುವಳು. ಮಗ್ಗದ ಮುಂದೆ ಕೂತ ನನ್ನ ಗಂಡ ಕೂಗುವ ಮೊದಲೇ ಕಂಡಿಕೆ ಸಿದ್ಧ. ಚಹಾ ಬಿಟ್ಟರೆ ಇನ್ನೊಂದು ಚಟವಿಲ್ಲ. ಇದನ್ನು ಈಗ ಹೇಳುತ್ತಿದ್ದೇನೆ. ಹೇಳಬೇಕಾದಾಗ ನನ್ನ ಹಾಳು ಬಾಯಿ ಬೇರೆಯದನ್ನೇ ಹೇಳಿತು.

ದೀಪಾವಳಿಯ ಮುಂದೆ ಬಿಳಿ ನೂಲಿನ ಮೇಲೆ ಕೆಂಪು ಕಲೆ ಕಂಡೆ. ಮೈ ಉರಿಯಿತು.

"ಅತ್ತಿ, ಈ ವಯಸ್ಸಿನಾಗ ಕದ್ದು ಎಲಿ-ತಂಬಾಕ ಹಾಕೊಳ್ಳಾಕ ಹತ್ತೀರೇನ್ರಿ? ಸೀರಿ ಕೆಟ್ರ ಯಾರ ತಗೋತಾರ?"

"ಇಲ್ಲ ಭಾರತಿ, ನಾ ಎಂದಾದ್ರೂ ತಿಂದೀನೇನವಾ?"

"ಹಂಗಾರ ಈ ಕೆಂಪು ಮುಗಲಿಂದ ಬಿತ್ತೇನ್?"

ಅಷ್ಟಕ್ಕೇ ಬಿಟ್ಟೆನೇ? ನೀರಿಗೆ ಹೋದಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ ಡಂಗುರ ಸಾರಿದೆ. ಓಣಿ ಆಡಿಕೊಂಡು ನಕ್ಕಿತು. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ಮಾಡಿದ್ದಕ್ಕೆ ನಾಚಿಕೆ ಬಂದಿದೆ ಎಂದುಕೊಂಡೆ. ಸೆರಗಿನ ಹಿಂದೆ ಹಲ್ಲು ಅಲ್ಲಾಡುತ್ತಿದ್ದವು, ಗದ್ದ ಬಾತುಕೊಳ್ಳುತ್ತಿತ್ತು. ತೋರಿಸಿದರೆ ಮತ್ತೆ ತಂಬಾಕೇ ಅನ್ನುತ್ತಾರೆಂದು ಹೆದರಿ ಮುಚ್ಚಿಟ್ಟಳು.

ಯುಗಾದಿಯ ದಿನ ಹೋಳಿಗೆ ಅಗಿಯಲಾಗದೆ ಅತ್ತಾಗಲೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದೆವು. ಡಾಕ್ಟರು ಕೆಳತುಟಿಗೆ ಸೂಜಿಮೊನೆ ತಾಗಿಸಿದರು.

"ಅವ್ವಾ, ಚುಚ್ಚಿದ್ದು ಗೊತ್ತಾಗತೈತೇನ್ರಿ?"

"ಇಲ್ರಿ. ದೀಪಾವಳಿ ಮುಂದಿಂದ ಅರ್ಧಾ ತುಟಿ ಸತ್ತಂಗ ಆಗೇತ್ರಿ. ನೂಲು ಕೊಯ್ದು ರಕ್ತ ಬಂದ್ರೂ ತಿಳಿಯಂಗಿಲ್ರಿ."

ನಾನು ಓಣಿಗೆಲ್ಲ ಸಾರಿದ ಕೆಂಪು ಅದೇ.

ಬಾವಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ದವಡೆಯ ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್, ಬಹಳ ಅಪರೂಪದ್ದು. "ಇದು ತಂಬಾಕಿನಿಂದ ಬರೂದಲ್ರಿ," ಎಂದರು ಡಾಕ್ಟರು. "ತುಟಿ ಜೋಮು ಹಿಡಿದಾಗ್ಲೇ ಬಂದಿದ್ರ ಭಾಳ ಚಲೋ ಇತ್ತು." ಕಿಮೋ ಕೊಟ್ಟರು, ಅರ್ಧ ದವಡೆ ತೆಗೆದರು. ಅಷ್ಟರಲ್ಲಿ ಅದು ಪುಪ್ಪುಸಕ್ಕೂ ಹಬ್ಬಿತ್ತು. ಅತ್ತೆ ದಸರೆ ಕಾಣಲಿಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಣ್ಣು ಮಾಡಿ ಬಂದ ದಿನ ಪಕ್ಕದ ಮನೆಯ ಕರಿಯವ್ವ ಲೊಚಗುಟ್ಟಿದಳು: "ತಂಬಾಕ ಬಿಟ್ಟಿದ್ರ ಇನ್ನೂ ಹತ್ತ ವರ್ಸ ಇರ್ತಿದ್ಲು, ಪಾಪ."

ನಾನು ಚೀರಿದೆ: "ಆಕಿ ಎಂದೂ ತಿಂದಿಲ್ಲ! ಸುಳ್ಳು ಹೇಳಿದಾಕಿ ನಾನು!"

ಕರಿಯವ್ವ ನನ್ನ ತಲೆ ಸವರಿ, ಕೂತವರ ಕಡೆ ತಿರುಗಿದಳು. "ನೋಡ್ರವಾ, ಸೊಸಿ ಅಂದ್ರ ಹಿಂಗಿರಬೇಕು. ಸತ್ತ ಅತ್ತಿ ಮಾನ ಕಾಯಾಕ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ."